1997ರ 'ವ್ಯಾನಿಶಿಂಗ್ ಪಾಯಿಂಟ್' ರೀಮೇಕ್ ನಿಜವಾಗಲೂ ಅಷ್ಟು ಕೆಟ್ಟದಾಗಿದೆಯಾ?

1971ರ ಸಿನಿಮಾ ನಿಮಗೆ ತುಂಬಾ ಹಿಡಿಸಿದೆ. ಫಾಕ್ಸ್ ಟಿವಿಗಾಗಿ ಮಾಡಿದ ರೀಮೇಕ್ ನೋಡಬಹುದಾ, ಅಭಿಮಾನಿಗಳಿಗೆ ಅದರ ಮೇಲೆ ಯಾಕಿಷ್ಟು ಸಿಟ್ಟು ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ. ನಾನು ಎರಡು ಸಲ ನೋಡಿದ್ದೇನೆ. ಆದರೆ ಆ ಸಿಟ್ಟು ನನಗೂ ಇದೆ.

ಹಳೆಯದರಲ್ಲಿ ನಾಯಕ ಕೊವಾಲ್ಸ್ಕಿ ಒಂದು ಬಿಳಿ ಡಾಡ್ಜ್ ಚಾಲೆಂಜರನ್ನು ಡೆನ್ವರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮುಟ್ಟಿಸಬೇಕು. ಸೋಮವಾರ ತಲುಪಿದರೂ ಸಾಕು. ಆದರೂ ನಿದ್ದೆ ಬಾರದಂತೆ ಮಾಡುವ ಗುಳಿಗೆ ಮಾರುವವನ ಹತ್ತಿರ ಪಂದ್ಯ ಕಟ್ಟಿ, ಸುಮ್ನೆ ಹೊರಟುಬಿಡುತ್ತಾನೆ. ಯಾಕೆ ಓಡುತ್ತಿದ್ದಾನೆ? ಯಾರೂ ಹೇಳುವುದಿಲ್ಲ. ವಿಯೆಟ್ನಾಂ ಯುದ್ಧ, ಪೊಲೀಸ್ ಕೆಲಸ, ರೇಸು, ಕಳೆದುಕೊಂಡ ಹುಡುಗಿ, ಎಲ್ಲ ಅಲ್ಲೊಂದು ಇಲ್ಲೊಂದು ತುಣುಕಾಗಿ ಕಾಣಿಸುತ್ತವೆ. ಜೋಡಿಸಿಕೊಳ್ಳುವ ಕೆಲಸ ನಮ್ಮದು.

ಜಾಗ್ವಾರ್‌ನವನು ಕೆಣಕಿ ರೇಸಿಗೆ ಬಂದು ಕಾರು ಸಮೇತ ಕೆಳಗೆ ಬೀಳುವ ದೃಶ್ಯ ನೆನಪಿದೆ ಅಲ್ವಾ? ಕೊವಾಲ್ಸ್ಕಿ ಕಾರು ನಿಲ್ಲಿಸುತ್ತಾನೆ. ಇಳಿದು ಹೋಗಿ, ಅವನು ಬದುಕಿದ್ದಾನಾ ಅಂತ ನೋಡುತ್ತಾನೆ. ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ತಿರುಗಿ ಬಂದು ಗೇರ್ ಹಾಕುತ್ತಾನೆ. ಒಂದು ಮಾತೂ ಇಲ್ಲ. ಅವನು ಎಂಥ ಮನುಷ್ಯ ಅಂತ ನನಗೆ ಗೊತ್ತಾಗಿದ್ದು ಅಲ್ಲಿಯೇ.

ರೀಮೇಕ್ ಎಡವಿದ್ದು ಇಲ್ಲಿ. ಅದು ಅವನಿಗೊಂದು ಕಾರಣ ಕೊಟ್ಟಿತು. ತುಂಬು ಗರ್ಭಿಣಿ ಹೆಂಡತಿ ಇಡಾಹೊದ ಆಸ್ಪತ್ರೆಯಲ್ಲಿದ್ದಾಳೆ, ಅವಳ ಹತ್ತಿರ ಹೋಗಬೇಕು. ಕಾರಣ ಒಳ್ಳೆಯದೇ, ಕರುಳು ಚುರುಕ್ ಅನ್ನುತ್ತದೆ. ಆದರೆ ಹೀಗೆ ಯಾರು ಬೇಕಾದರೂ ಓಡುತ್ತಾರೆ. ಪೊಲೀಸರು ಅವನನ್ನು ಬಿಟ್ಟುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಕೊವಾಲ್ಸ್ಕಿಯನ್ನು ಬಿಟ್ಟರೂ ಅವನು ನಿಲ್ಲುತ್ತಿರಲಿಲ್ಲ.

ಕೊನೆಯೂ ಹಾಗೆಯೇ (ರೀಮೇಕ್‌ನ ಕೊನೆ ಈಗಲೇ ಗೊತ್ತಾಗೋದು ಬೇಡ ಅಂದರೆ ಈ ಪ್ಯಾರಾ ಬಿಡಿ). 1971ರಲ್ಲಿ ಎರಡು ಬುಲ್ಡೋಜರ್ ರಸ್ತೆಗೆ ಅಡ್ಡ ನಿಂತಿವೆ, ನಡುವೆ ಬೆಳಕಿನ ಒಂದು ಸಣ್ಣ ಸೀಳು. ಕೊವಾಲ್ಸ್ಕಿ ಆಗಿರುವ ಬ್ಯಾರಿ ನ್ಯೂಮನ್ ಮುಖದಲ್ಲಿ ಸಣ್ಣ ನಗು. ಆಮೇಲೆ ಬೆಂಕಿ. ರೀಮೇಕ್‌ನಲ್ಲೂ ಡಿಕ್ಕಿ ಇದೆ, ಆದರೆ ಅವನು ಮೊದಲೇ ಹಾರಿಕೊಂಡು ಬದುಕಿರಬಹುದು ಅನ್ನುವ ಆಸೆಯೊಂದನ್ನು ಸೇರಿಸಿದ್ದಾರೆ. ನನಗೆ ಆ ಸಮಾಧಾನ ಬೇಕಿರಲಿಲ್ಲ.

ರೇಡಿಯೋ ಡಿಜೆ ಪಾತ್ರವೂ ಸಪ್ಪೆ. ಹಳೆಯದರಲ್ಲಿ ಕ್ಲೀವನ್ ಲಿಟಲ್ ಮಾಡಿದ ಕುರುಡ ಡಿಜೆ ಸೂಪರ್ ಸೋಲ್ ಎದುರು ರೀಮೇಕ್‌ನ ಜೇಸನ್ ಪ್ರೀಸ್ಟ್ಲಿ ನಿಲ್ಲುವುದಿಲ್ಲ.

ಹಾಗಾದರೆ ಯಾಕೆ ನೋಡಬೇಕು? ಕೊವಾಲ್ಸ್ಕಿ ಪಾತ್ರ ಮಾಡಿದ ವಿಗ್ಗೊ ಮಾರ್ಟೆನ್ಸನ್‌ಗಾಗಿ. 2001ರಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾದ ಅರಗಾರ್ನ್ ಆಗಿ ಜಗತ್ತಿಗೆಲ್ಲ ಗೊತ್ತಾಗುವ ಮುಂಚಿನ ಕೆಲಸ ಇದು. ಹೆಂಡತಿಯ ಬಗೆಗಿನ ದಿಗಿಲನ್ನು ಮಾತಿಗಿಂತ ಜಾಸ್ತಿ ಕಣ್ಣಲ್ಲೇ ತೋರಿಸುತ್ತಾರೆ.

ಇನ್ನೊಂದು ವಿಷಯ. ಹಳೆಯದನ್ನು ನೀವು ಅಮೆರಿಕದ ಆವೃತ್ತಿಯಲ್ಲಿ ನೋಡಿದ್ದರೆ, ಬ್ರಿಟನ್ನಿನ ಆವೃತ್ತಿ ಹುಡುಕಿ. ಷಾರ್ಲೆಟ್ ರಾಂಪ್ಲಿಂಗ್ ದಾರಿಯಲ್ಲಿ ಲಿಫ್ಟ್ ಕೇಳುವ ಹೆಂಗಸಾಗಿ ಬರುವ ರಾತ್ರಿಯ ದೃಶ್ಯ ಅದರಲ್ಲಿದೆ. ರೀಮೇಕ್‌ಗಿಂತ ಮೊದಲು ಅದನ್ನು ನೋಡಿ.