ಎರಡು ವರ್ಷದ ಲೆಕ್ಕಕ್ಕೆ ಸಿಗದ ಪತ್ರಿಕೆ

ಪ್ರಶ್ನೆ: ಭತ್ತದ ಗದ್ದೆಯ ಕೀಟನಾಶಕದಿಂದ ಮೀನಿನ ಯಕೃತ್ತಿನ ಕಿಣ್ವಗಳಲ್ಲಾಗುವ ಬದಲಾವಣೆಯನ್ನು ಅಂಗಾಂಶಕ್ಕೆ ಬಣ್ಣ ಕೊಟ್ಟು ಗುರುತಿಸುವುದು ನನ್ನ ಪಿಎಚ್.ಡಿ. ವಿಷಯ. ಲೇಖನವನ್ನು ‘ಜರ್ನಲ್ ಆಫ್ ಹಿಸ್ಟೋಕೆಮಿಸ್ಟ್ರಿ ಅಂಡ್ ಸೈಟೋಕೆಮಿಸ್ಟ್ರಿ’ಗೆ ಕಳಿಸಬೇಕೆಂದಿದ್ದೇನೆ. ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಕಡಿಮೆ, ಬೇಡ ಎನ್ನುತ್ತಾರೆ ಸಹಪಾಠಿಗಳು. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಧೈರ್ಯವಾಗಿ ಕಳಿಸಿ. ನಿಮ್ಮ ಸಹಪಾಠಿಗಳು ನೋಡುತ್ತಿರುವ ಅಂಕಿ ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: 2022 ಮತ್ತು 2023ರಲ್ಲಿ ಒಂದು ಪತ್ರಿಕೆ 100 ಲೇಖನಗಳನ್ನು ಪ್ರಕಟಿಸಿ, ಅವು 2024ರಲ್ಲಿ ಒಟ್ಟು 250 ಬಾರಿ ಉಲ್ಲೇಖಗೊಂಡರೆ, ಆ ಪತ್ರಿಕೆಯ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 2.5. ಯೂಜೀನ್ ಗಾರ್ಫೀಲ್ಡ್ ಮತ್ತು ಇರ್ವಿಂಗ್ ಶೆರ್ 1960ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದ್ದು ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಉಲ್ಲೇಖ ಸೂಚಿಗೆ ಪತ್ರಿಕೆಗಳನ್ನು ಆಯ್ದುಕೊಳ್ಳುವುದಕ್ಕಾಗಿ. ಸಂಶೋಧಕರ ಯೋಗ್ಯತೆಯನ್ನು ಅಳೆಯುವುದಕ್ಕಲ್ಲ.

ನಿಮ್ಮ ಕ್ಷೇತ್ರಕ್ಕೆ ಈ ಎರಡು ವರ್ಷದ ಮಿತಿಯೇ ಅನ್ಯಾಯ ಮಾಡುತ್ತದೆ. ಜೀವಕೋಶ ಮತ್ತು ಅಂಗಾಂಶಗಳ ರಸಾಯನಶಾಸ್ತ್ರದಲ್ಲಿ ಹೆಚ್ಚು ಬಳಕೆಯಾಗುವುದು ವಿಧಾನಗಳು, ಮತ್ತು ಒಂದು ವಿಧಾನ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹರಡಿ ಬೇರೂರಲು ವರ್ಷಗಳೇ ಹಿಡಿಯುತ್ತವೆ. 1953ರಲ್ಲಿ ಆರಂಭವಾದ ಇದೇ ಪತ್ರಿಕೆಯಲ್ಲಿ ಹ್ಸು, ರೇನ್ ಮತ್ತು ಫ್ಯಾಂಗರ್ 1981ರಲ್ಲಿ ವಿವರಿಸಿದ, ಅಂಗಾಂಶದಲ್ಲಿರುವ ನಿರ್ದಿಷ್ಟ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಅವಿಡಿನ್–ಬಯೋಟಿನ್–ಪೆರಾಕ್ಸಿಡೇಸ್ ವಿಧಾನವನ್ನು ರೋಗಶಾಸ್ತ್ರದ ಪ್ರಯೋಗಾಲಯಗಳು ದಶಕಗಳ ಕಾಲ ನೆಚ್ಚಿಕೊಂಡವು. ಆದರೆ 1984ರಿಂದೀಚೆಗೆ ಆ ಲೇಖನಕ್ಕೆ ಬಂದ ಸಾವಿರಾರು ಉಲ್ಲೇಖಗಳಲ್ಲಿ ಒಂದೂ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಸೇರಿಲ್ಲ. ಕ್ಯಾನ್ಸರ್ ಸಂಶೋಧನೆಯಂಥ ವೇಗದ ಕ್ಷೇತ್ರಗಳ ಪತ್ರಿಕೆಗಳೊಂದಿಗೆ ಇದನ್ನು ತೂಗುವುದು ಸರಿಯಲ್ಲ. ತೂಗಲೇಬೇಕಿದ್ದರೆ ‘ಆಕ್ಟಾ ಹಿಸ್ಟೋಕೆಮಿಕಾ’ದಂಥ ಅದೇ ವರ್ಗದ ಪತ್ರಿಕೆಗಳ ಜೊತೆಗೆ ತೂಗಿರಿ, ಉಲ್ಲೇಖಗಳು ಎಷ್ಟು ವರ್ಷ ಹಿಂದಿನ ಲೇಖನಗಳಿಗೆ ಸಲ್ಲುತ್ತವೆಂಬುದನ್ನು ತಿಳಿಸುವ ಅರ್ಧಾಯುಷ್ಯದ ಅಂಕಿಯನ್ನೂ ನೋಡಿರಿ.

ನನಗೆ ನಿಜವಾಗಿ ಆತಂಕವಿರುವುದು ಬೇರೆಡೆ. ಹಣ ಪಡೆದು ವಾರದೊಳಗೆ ಲೇಖನ ಅಚ್ಚು ಹಾಕುವ ಕೆಲವು ಪತ್ರಿಕೆಗಳು ‘ಗ್ಲೋಬಲ್’ ಮುಂತಾದ ವಿಶೇಷಣ ಅಂಟಿಸಿದ ಇಂಪ್ಯಾಕ್ಟ್ ಫ್ಯಾಕ್ಟರನ್ನು ಮುಖಪುಟದಲ್ಲೇ ಹಾಕಿಕೊಳ್ಳುತ್ತವೆ. ಅಂಗೀಕೃತ ಅಂಕಿ ಇರುವುದು ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ‘ಜರ್ನಲ್ ಸೈಟೇಶನ್ ರಿಪೋರ್ಟ್ಸ್’ನಲ್ಲಿ ಮಾತ್ರ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿರುವುದರಿಂದ ಪತ್ರಿಕೆಯ ಗುಣ ಪರೀಕ್ಷಿಸುವ ಹೊಣೆ ಈಗ ವಿಶ್ವವಿದ್ಯಾಲಯಗಳ ಮೇಲೂ ನಿಮ್ಮಂಥವರ ಮೇಲೂ ಬಿದ್ದಿದೆ; ನಿಮ್ಮ ವಿಭಾಗದ ನಿಯಮವನ್ನು ಮಾರ್ಗದರ್ಶಕರಿಂದ ಮೊದಲೇ ಕೇಳಿಕೊಳ್ಳಿ.

ಕಳಿಸುವ ಮುನ್ನ ಆ ಪತ್ರಿಕೆಯ ಇತ್ತೀಚಿನ ಸಂಚಿಕೆಗಳನ್ನು ಓದಿ, ಬಣ್ಣ ಕೊಡದ ಹೋಲಿಕೆ ಮಾದರಿಗಳ ಚಿತ್ರಗಳನ್ನೂ ಲೇಖನಕ್ಕೆ ಸೇರಿಸಿ. ಇಲ್ಲಿನ ಪರಿಶೀಲಕರು ಮೊದಲು ಕೇಳುವುದು ಅವನ್ನೇ.