ಪ್ರತಿಕ್ರಿಯೆ: ಮಗುವಿನ ಗುಳ್ಳೆಗೆ ಕೆರಾಟಿನ್ ಮಾತ್ರೆ ಕೊಡಬಹುದಾ?

ಮಗುವಿನ ಅಂಗಾಲಲ್ಲಿ ಪದೇ ಪದೇ ಗುಳ್ಳೆ ಏಳುತ್ತಿದೆ, ಪರೀಕ್ಷೆಯಲ್ಲಿ ಕೆರಾಟಿನ್ 14 ಜೀನ್ ದೋಷ ಎಂದು ಬಂದಿದೆ, ಕೆರಾಟಿನ್ ಮಾತ್ರೆ ಕೊಟ್ಟರೆ ವಾಸಿಯಾಗುತ್ತಾ ಎಂದು ಕೇಳಿದ್ದೀರಿ. ಇಲ್ಲ, ಆಗುವುದಿಲ್ಲ. ದಯವಿಟ್ಟು ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಕೆರಾಟಿನ್ ಒಂದು ಪ್ರೋಟೀನ್. ಅದರ ಹೆಸರು ಕೇಳಿದ ಕೂಡಲೇ ಕೂದಲು, ಉಗುರು ನೆನಪಾಗುತ್ತದೆ ಅಲ್ವಾ? ಆದರೆ ಮನುಷ್ಯರಲ್ಲಿ 54 ಕೆರಾಟಿನ್ ಜೀನ್‌ಗಳಿವೆ. ಲಿವರ್, ಕರುಳಿನ ಜೀವಕೋಶಗಳಲ್ಲೂ ಕೆರಾಟಿನ್ ಇದೆ. ಗಡ್ಡೆ ಎಲ್ಲಿಂದ ಹುಟ್ಟಿದ್ದು ಎಂದು ತಿಳಿಯಲು ಪೆಥಾಲಜಿಯವರು ಯಾವ ಕೆರಾಟಿನ್ ಇದೆ ಎಂದೂ ನೋಡುತ್ತಾರೆ.

ನಿಮ್ಮ ಮಗುವಿನ ವಿಷಯಕ್ಕೆ ಬರೋಣ. ಮೇಲ್ಚರ್ಮದ ತಳದ ಸಾಲಿನ ಜೀವಕೋಶಗಳಲ್ಲಿ ಕೆರಾಟಿನ್ 5 ಮತ್ತು 14 ಜೋಡಿಯಾಗಿ ಹೆಣೆದುಕೊಂಡು ಎಳೆಗಳಾಗುತ್ತವೆ. ಈ ಎಳೆಗಳ ಬಲೆಯೇ ಜೀವಕೋಶಕ್ಕೆ ಒಳಗಿನ ಬಲ. ಸಾಮಾನ್ಯವಾಗಿ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಚೆನ್ನಾಗಿಯೇ ಇರುತ್ತದೆ. ಆದರೂ ಕೆಟ್ಟ ಪ್ರತಿಯಿಂದ ಬಂದ ಕೆರಾಟಿನ್ ಅದೇ ಎಳೆಯೊಳಗೆ ಸೇರಿಕೊಂಡು ಇಡೀ ಬಲೆಯನ್ನು ದುರ್ಬಲ ಮಾಡುತ್ತದೆ. ಅಂದರೆ ಇಲ್ಲಿ ಕೆರಾಟಿನ್ ಕಡಿಮೆಯಾಗಿಲ್ಲ, ಹೆಣಿಗೆ ಕೆಟ್ಟಿದೆ. ಮಗು ಓಡಾಡಿದಾಗ ಚರ್ಮ ಉಜ್ಜಿ ಆ ಜೀವಕೋಶಗಳೇ ಹರಿಯುತ್ತವೆ. ಹರಿದಲ್ಲಿ ನೀರು ತುಂಬಿ ಗುಳ್ಳೆಯಾಗುತ್ತದೆ. ಇದು ಮುಟ್ಟಿದರೆ ಹರಡುವುದಿಲ್ಲ.

ಸೆಕೆಯಲ್ಲಿ, ಬೆವರಿದಾಗ ಗುಳ್ಳೆ ಜಾಸ್ತಿ. ಕಾಲು ತಂಪಾಗಿರಲಿ, ಒಳಗೆ ಹೊಲಿಗೆ ಒತ್ತದ ಮೆತ್ತನೆ ಶೂ ಹಾಕಿ. ದೊಡ್ಡ ಗುಳ್ಳೆಯನ್ನು ಶುದ್ಧೀಕರಿಸಿದ ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕು, ಮೇಲಿನ ಸಿಪ್ಪೆ ಮಾತ್ರ ಕೀಳಬಾರದು. ಮೊದಲ ಸಲ ಚರ್ಮದ ಡಾಕ್ಟರ ಹತ್ತಿರವೇ ಮಾಡಿಸಿ, ನೋಡಿ ಕಲಿಯಿರಿ. ಕೀವು, ಜ್ವರ ಕಂಡರೆ ಕಾಯಬೇಡಿ.