ಬಿಎಸ್ಸಿ ಗಣಿತ ಓದಿದರೆ ಟೀಚರ್ ಕೆಲಸ ಬಿಟ್ಟು ಬೇರೇನಿದೆ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಸೆಕೆಂಡ್ ಪಿಯು ಓದುತ್ತಿದ್ದಾಳೆ, ಗಣಿತ ಅಂದರೆ ಪ್ರಾಣ, ಇಂಜಿನಿಯರಿಂಗ್ ಬೇಡ ಬಿಎಸ್ಸಿ ಗಣಿತ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನೆಂಟರೆಲ್ಲ "ಕೊನೆಗೆ ಟೀಚರ್ ಆಗೋದಷ್ಟೇ" ಎನ್ನುತ್ತಿದ್ದಾರೆ, ಸೇರಿಸಬಹುದಾ ಅಂತ ಕೇಳಿದ್ದೀರಿ.

ಧೈರ್ಯವಾಗಿ ಸೇರಿಸಿ. ಆದರೆ ಗಣಿತದ ಜೊತೆಗೆ ಅವಳು ಇನ್ನೇನು ಓದುತ್ತಾಳೆ ಅನ್ನೋದನ್ನು ಸೇರುವ ಮೊದಲೇ ಯೋಚನೆ ಮಾಡಿ. ಈ ಮಾತನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ತಗೋಬೇಕಾ, ಪಿಎಂಸಿಎಸ್ (ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್) ತಗೋಬೇಕಾ, ಸ್ಟ್ಯಾಟಿಸ್ಟಿಕ್ಸ್ ಅಂದರೆ ಸಂಖ್ಯಾಶಾಸ್ತ್ರ ಇರೋದನ್ನು ತಗೋಬೇಕಾ ಅಂತ ಅಡ್ಮಿಷನ್ ದಿನ ಕೌಂಟರ್ ಮುಂದೆ ನಿಂತು, ಪಕ್ಕದಲ್ಲಿದ್ದ ಗೆಳತಿ ಏನು ಬರೆದಳೋ ಅದನ್ನೇ ಬರೆದು ಬರುತ್ತಾರೆ. ಮೂರು ವರ್ಷ ಆದಮೇಲೆ ಯಾವ ಪರೀಕ್ಷೆ ಬರೆಯಬಹುದು, ಯಾವುದು ಬರೆಯೋಕಾಗಲ್ಲ ಅನ್ನೋದು ಅಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ನಾನು ಹಾಸನ ಜಿಲ್ಲೆಯವನು. ಸರ್ಕಾರಿ ಕಾಲೇಜಿನಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್ ಓದಿ, ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡಿ, ಸ್ವಲ್ಪ ಕಾಲ ಪಾಠ ಹೇಳಿ, ಈಗ ಬೆಂಗಳೂರಿನ ಒಂದು ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಜೊತೆಯ ವಿಷಯಕ್ಕೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅನ್ನೋದಕ್ಕೆ ಒಂದು ಉದಾಹರಣೆ. ಯುಪಿಎಸ್‌ಸಿ ನಡೆಸುವ ಪರೀಕ್ಷೆ ಅಂದರೆ ಎಲ್ಲರಿಗೂ ಐಎಎಸ್ ಮಾತ್ರ ಗೊತ್ತು. ಅದೇ ಯುಪಿಎಸ್‌ಸಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್‌ಗೂ ಪರೀಕ್ಷೆ ನಡೆಸುತ್ತದೆ. ಅದು ಗ್ರೂಪ್ ಎ ಕೇಂದ್ರ ಸರ್ಕಾರಿ ಹುದ್ದೆ. ಬೆಲೆ ಏರಿಕೆ ಎಷ್ಟು, ದೇಶದ ಜಿಡಿಪಿ ಎಷ್ಟು ಅಂತ ಲೆಕ್ಕ ಹಾಕುವ ಕಚೇರಿಗಳಲ್ಲಿ ಕೂರುವವರು ಇವರು. 21ರಿಂದ 30 ವರ್ಷದೊಳಗಿನವರು ಬರೆಯಬಹುದು. ಇಂಗ್ಲಿಷ್, ಸಾಮಾನ್ಯ ಜ್ಞಾನ ಬಿಟ್ಟರೆ ಉಳಿದ ನಾಲ್ಕೂ ಪೇಪರ್ ಸ್ಟ್ಯಾಟಿಸ್ಟಿಕ್ಸ್‌ನದ್ದೇ. ಆದರೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಓದಿರಬೇಕು, ಇಲ್ಲಾಂದ್ರೆ ಎಂಎಸ್ಸಿ ಆದರೂ ಅದರಲ್ಲಿ ಮಾಡಿರಬೇಕು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದ ಹುಡುಗಿ ಎಷ್ಟೇ ಜಾಣೆಯಾಗಿದ್ದರೂ ಬರೀ ಬಿಎಸ್ಸಿ ಮೇಲೆ ಅರ್ಜಿಯನ್ನೇ ಹಾಕುವಂತಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು ಹೇಳಿ?

ಹಾಗಂತ ಪಿಸಿಎಂ ಕೆಟ್ಟದ್ದು ಅಂತಲ್ಲ. ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಪಾಠ ಮಾಡಬೇಕು ಅನ್ನುವವರಿಗೆ ಅದೇ ಸರಿ. ಫಿಸಿಕ್ಸ್ ಇಷ್ಟ ಇದ್ದರೆ ಅದನ್ನು ಬಿಡಬಾರದು ಕೂಡ. ನನ್ನನ್ನು ಕೇಳಿದರೆ ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್ ಎರಡೂ ಇರುವ ಕಾಂಬಿನೇಶನ್ ಹುಡುಕಿ, ಮೂರನೆಯದು ಕಂಪ್ಯೂಟರ್ ಆದರೆ ಇನ್ನೂ ಒಳ್ಳೆಯದು. ಸ್ಟ್ಯಾಟಿಸ್ಟಿಕ್ಸ್ ಎಲ್ಲಾ ಕಾಲೇಜಿನಲ್ಲೂ ಇರುವುದಿಲ್ಲ, ಸಣ್ಣ ಊರುಗಳಲ್ಲಂತೂ ಕಡಿಮೆ. ಅದಕ್ಕಾಗಿ ಪಕ್ಕದ ಜಿಲ್ಲೆಯ ಹಾಸ್ಟೆಲ್‌ನಲ್ಲಿ ಬಿಡಬೇಕಾಗಿ ಬಂದರೂ ಯೋಚನೆ ಮಾಡುವಂಥದ್ದೇ. ಇನ್ನೊಂದು ವಿಷಯ, ನಾಲ್ಕು ವರ್ಷದ ಡಿಗ್ರಿ ಗೊಂದಲ ಈಗಿಲ್ಲ. 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ.

ಈಗ ಮಗಳಿಗೆ ನಿಜವಾಗಲೂ ಈ ಗಣಿತ ಇಷ್ಟ ಆಗುತ್ತದಾ ಅನ್ನೋ ಪ್ರಶ್ನೆ. ಪಿಯುಸಿಯಲ್ಲಿ ನೂರಕ್ಕೆ ನೂರು ತೆಗೆದ ಎಷ್ಟೋ ಮಕ್ಕಳು ಡಿಗ್ರಿ ಮೊದಲ ವರ್ಷದಲ್ಲೇ ಬೇಸರ ಪಡುತ್ತಾರೆ, ಯಾಕಂದ್ರೆ ಅಲ್ಲಿ ಲೆಕ್ಕ ಬಿಡಿಸುವುದು ಕಡಿಮೆಯಾಗಿ ಸಾಧಿಸಿ ತೋರಿಸುವುದು ಜಾಸ್ತಿಯಾಗುತ್ತದೆ. ಒಂದು ಲೆಕ್ಕ ಕೊಡುತ್ತೇನೆ, ಮಗಳಿಗೆ ತೋರಿಸಿ.

1 + 1/2 + 1/4 + 1/8 ಹೀಗೆ ಕೊನೆಯೇ ಇಲ್ಲದೆ ಕೂಡುತ್ತಾ ಹೋದರೆ ಮೊತ್ತ ಎಷ್ಟು? ಮೊತ್ತವನ್ನು 'ಎಸ್' ಅನ್ನೋಣ. ಎರಡರಿಂದ ಗುಣಿಸಿದರೆ 2 + 1 + 1/2 + 1/4 ಅಂತ ಬರುತ್ತದೆ, ಅಂದರೆ 2 ಕೂಡಿಸು ಎಸ್. ಎಸ್‌ನ ಎರಡರಷ್ಟು ಅಂದರೆ 2 ಕೂಡಿಸು ಎಸ್ ಆಯಿತು, ಹಾಗಾಗಿ ಎಸ್ ಅಂದರೆ 2. ಉತ್ತರ ಸರಿ. ಈಗ ಇದೇ ಉಪಾಯವನ್ನು 1 + 2 + 4 + 8 ಅಂತ ದೊಡ್ಡದಾಗುತ್ತಾ ಹೋಗುವ ಸಾಲಿನ ಮೇಲೆ ಮಾಡಲಿ. ಎರಡರಿಂದ ಗುಣಿಸಿದರೆ 2 + 4 + 8 + 16, ಅದು ಎಸ್‌ನಲ್ಲಿ ಮೊದಲ ಒಂದನ್ನು ಕಳೆದ ಹಾಗೆ. ಎಸ್‌ನ ಎರಡರಷ್ಟು ಅಂದರೆ ಎಸ್ ಕಳೆ 1 ಆಯಿತು, ಹಾಗಾದರೆ ಎಸ್ ಅಂದರೆ ಮೈನಸ್ 1! ಬರೀ ಧನ ಸಂಖ್ಯೆಗಳನ್ನು ಕೂಡಿದ್ದಕ್ಕೆ ಋಣ ಸಂಖ್ಯೆ ಬಂತು.

ಎರಡು ಕಡೆಯೂ ಹೆಜ್ಜೆಗಳು ಒಂದೇ. ಒಂದು ಕಡೆ ಸರಿ, ಇನ್ನೊಂದು ಕಡೆ ಅಸಂಬದ್ಧ. ತಪ್ಪಿರುವುದು ಮೊದಲ ಹೆಜ್ಜೆಯಲ್ಲಿ, "ಮೊತ್ತವನ್ನು ಎಸ್ ಅನ್ನೋಣ" ಅಂದಾಗ ಅಂಥದ್ದೊಂದು ಮೊತ್ತ ಇದೆಯಾ ಅಂತ ನಾವು ಕೇಳಲೇ ಇಲ್ಲ. ಡಿಗ್ರಿಯಲ್ಲಿ ರಿಯಲ್ ಅನಾಲಿಸಿಸ್ ಅಂತ ಒಂದು ವಿಷಯ ಬರುತ್ತದಲ್ಲ, ಅದು ಪೂರ್ತಿ ಈ ತರಹದ ಪ್ರಶ್ನೆ ಕೇಳುವುದೇ. ಇದನ್ನು ನೋಡಿ ನಿಮ್ಮ ಮಗಳ ಮುಖ ಅರಳಿ, ಇನ್ನೊಂದು ಸಾಲು ಬರೆದು ತಾನೇ ಪರೀಕ್ಷೆ ಮಾಡೋಕೆ ಕೂತರೆ ಯಾರ ಮಾತಿಗೂ ಕಿವಿಗೊಡದೆ ಗಣಿತಕ್ಕೆ ಸೇರಿಸಿ. "ಇದೆಲ್ಲ ಯಾಕೆ ಬೇಕು, ಸೂತ್ರ ಕೊಟ್ಟರೆ ಸಾಕು" ಅಂದರೆ ಅವಳಿಗೆ ಇಷ್ಟ ಇರುವುದು ಬೇಗ ಲೆಕ್ಕ ಮಾಡುವುದು. ಅದೂ ಒಳ್ಳೆಯ ಗುಣವೇ, ಆದರೆ ಅದಕ್ಕೆ ಇಂಜಿನಿಯರಿಂಗ್, ಬಿಸಿಎ, ಕಾಮರ್ಸ್ ಹೆಚ್ಚು ಹೊಂದುತ್ತದೆ.

"ಇದರಿಂದ ಹೊಟ್ಟೆ ತುಂಬುತ್ತದಾ" ಅಂತ ನಿಮ್ಮ ನೆಂಟರು ಕೇಳಬಹುದು. ನಾನು ಇರುವ ಕ್ಷೇತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಊರುಗಳಲ್ಲಿ ಇದರ ಹೆಸರೇ ಕೇಳಿರುವುದಿಲ್ಲ. ಈ ಕೆಲಸ ಮಾಡುವವರನ್ನು ಆಕ್ಚುಯರಿ ಅನ್ನುತ್ತಾರೆ. ನೀವು ಎಲ್‌ಐಸಿ ಪಾಲಿಸಿ ಮಾಡಿಸಿದಾಗ ಪ್ರೀಮಿಯಂ ಇಷ್ಟು ಅಂತ ಏಜೆಂಟ್ ಹೇಳುತ್ತಾರಲ್ಲ, ಆ ಮೊತ್ತ ಎಲ್ಲಿಂದ ಬಂತು? ಒಂದು ಸಾವಿರ ಜನ 40 ವರ್ಷದವರಿದ್ದಾರೆ, ಅವರಲ್ಲಿ ವರ್ಷಕ್ಕೆ ಇಬ್ಬರು ತೀರಿಕೊಳ್ಳಬಹುದು ಅಂತ ಇಟ್ಟುಕೊಳ್ಳಿ. ತಲಾ 10 ಲಕ್ಷ ಕೊಡಬೇಕು ಅಂದರೆ 20 ಲಕ್ಷ ಬೇಕು, ಸಾವಿರ ಜನಕ್ಕೆ ಹಂಚಿದರೆ ಒಬ್ಬರಿಗೆ 2,000 ರೂಪಾಯಿ. ಇದು ತೀರಾ ಸರಳ ಮಾಡಿ ಹೇಳಿದ್ದು. ನಿಜವಾಗಿ ಯಾವ ವಯಸ್ಸಿಗೆ ಎಷ್ಟು ಜನ ತೀರಿಕೊಳ್ಳುತ್ತಾರೆ ಅಂತ ಪಟ್ಟಿಗಳಿವೆ, ಭಾರತದಲ್ಲಿ ವಿಮೆ ಮಾಡಿಸಿದವರ ಮೇಲೆಯೇ ಮಾಡಿದ 2012-14ರ ಪಟ್ಟಿ ಇದೆ. ಆಮೇಲೆ ಬಡ್ಡಿ ಲೆಕ್ಕ. 20 ವರ್ಷ ಆದಮೇಲೆ ಕೊಡಬೇಕಾದ 1 ಲಕ್ಷಕ್ಕೆ ಇವತ್ತು 1 ಲಕ್ಷ ಎತ್ತಿಡಬೇಕಿಲ್ಲ, 7 ಪರ್ಸೆಂಟ್ ಬಡ್ಡಿ ಸಿಗುತ್ತದೆ ಅಂದರೆ ಸುಮಾರು 25,800 ಇಟ್ಟರೆ ಸಾಕು. ಬಡ್ಡಿ 6 ಪರ್ಸೆಂಟ್‌ಗೆ ಇಳಿದರೆ? ಆಗ 31,000ಕ್ಕಿಂತ ಜಾಸ್ತಿ ಬೇಕು. ಒಂದೇ ಒಂದು ಪರ್ಸೆಂಟ್ ವ್ಯತ್ಯಾಸ, ಲಕ್ಷಾಂತರ ಪಾಲಿಸಿಗಳ ಮೇಲೆ. ಕೊಟ್ಟ ಮಾತು ಉಳಿಸಿಕೊಳ್ಳುವಷ್ಟು ಹಣ ಕಂಪನಿ ಹತ್ತಿರ ಇದೆಯಾ ಅಂತ ನೋಡುವುದೇ ನಮ್ಮ ಕೆಲಸ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳಿಗೆ ಆ ದುಡ್ಡು ಸರಿಯಾಗಿ ಸಿಗಬೇಕು ಅಂದರೆ ಎಷ್ಟೋ ವರ್ಷ ಮೊದಲೇ ಯಾರೋ ಈ ಲೆಕ್ಕ ಸರಿಯಾಗಿ ಮಾಡಿರಬೇಕು. ನನಗೆ ಈ ಕೆಲಸದ ಮೇಲೆ ಗೌರವ ಇರುವುದು ಅದಕ್ಕೇ.

ಇದಕ್ಕೆ ದಾರಿ: ಪಿಯುಸಿ ಪಾಸಾದವರು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲೆ ಒಂದೊಂದೇ ಪೇಪರ್, ಸಿಎ ಓದುವ ಹಾಗೆ. ಎಲ್ಲಾ ಮುಗಿಯಲು ಹಲವು ವರ್ಷ ಬೇಕು, ಪೇಪರ್‌ಗಳು ಸುಲಭ ಇಲ್ಲ, ಫೀಸೂ ಕಡಿಮೆ ಇಲ್ಲ. ಆದರೆ ಮೊದಲ ಕೆಲವು ಪೇಪರ್ ಪಾಸು ಮಾಡಿಕೊಂಡು ಡಿಗ್ರಿ ಮುಗಿಸಿದರೆ ಕೆಲಸಕ್ಕೆ ಸೇರಬಹುದು, ಉಳಿದದ್ದನ್ನು ಕೆಲಸ ಮಾಡುತ್ತಲೇ ಓದಬಹುದು. ಮೊದಲ ಪೇಪರ್‌ಗಳಲ್ಲಿ ಸ್ಟ್ಯಾಟಿಸ್ಟಿಕ್ಸೂ ಇದೆ ಅನ್ನೋದನ್ನು ಗಮನಿಸಿ.

ಡೇಟಾ ಸೈನ್ಸ್, ಅಂದರೆ ರಾಶಿ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಜಾಲಾಡಿ ಅರ್ಥ ತೆಗೆಯುವ ಕೆಲಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೂರು ತಿಂಗಳ ಕೋರ್ಸ್ ಜಾಹೀರಾತು ಎಲ್ಲಾ ಕಡೆ. ಆ ಕೋರ್ಸಿಗೆ ದುಡ್ಡು ಸುರಿಯಬೇಡಿ. ಆ ಕೆಲಸದಲ್ಲಿ ಗಣಿತ ಓದಿದವರು ಯಾಕೆ ಮುಂದೆ ಬರುತ್ತಾರೆ ಅಂತ ಹೇಳುತ್ತೇನೆ. ಬ್ಯಾಂಕಿನಲ್ಲಿ ದಿನಕ್ಕೆ 10,000 ವಹಿವಾಟು, ಅದರಲ್ಲಿ 10 ಮೋಸದ್ದು ಅಂತ ಇಟ್ಟುಕೊಳ್ಳಿ. ಮೋಸ ಹಿಡಿಯುವ ಪ್ರೋಗ್ರಾಂ 100ಕ್ಕೆ 99 ಸಲ ಸರಿ ಹೇಳುತ್ತದೆ ಅಂದರೆ ತುಂಬಾ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಆ 10 ಸಿಕ್ಕಿಬೀಳುತ್ತವೆ, ಜೊತೆಗೆ ಸರಿಯಾದ ವಹಿವಾಟುಗಳಲ್ಲಿ ಸುಮಾರು 100 ಕೂಡ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತವೆ. ಹಿಡಿದಿದ್ದು 110, ನಿಜವಾದ ಮೋಸ 10 ಮಾತ್ರ. ಪ್ರೋಗ್ರಾಂ ಬರೆಯೋದನ್ನು ಯಾರು ಬೇಕಾದರೂ ಕಲಿಯಬಹುದು, ಈ ಲೆಕ್ಕ ಮೊದಲೇ ಮನಸ್ಸಿಗೆ ಹೊಳೆಯಬೇಕಾದರೆ ಪ್ರಾಬಬಿಲಿಟಿ ಸರಿಯಾಗಿ ಓದಿರಬೇಕು. ಹಾಗಾಗಿ ಗಣಿತವನ್ನು ಕಾಲೇಜಿನಲ್ಲಿ ಓದಲಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಮನೆಯಲ್ಲೇ ಪುಕ್ಕಟೆಯಾಗಿ ಕಲಿಯಲಿ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠಗಳು ಎನ್‌ಪಿಟಿಇಎಲ್ ಅನ್ನುವ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಟೀಚರ್ ಕೆಲಸವನ್ನು ನೆಂಟರು ಕೀಳಾಗಿ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಹಳ್ಳಿ ಶಾಲೆಯಲ್ಲಿ ಒಬ್ಬ ಒಳ್ಳೆ ಗಣಿತದ ಟೀಚರ್ ಇದ್ದರೆ ಆ ಊರಿನ ಮಕ್ಕಳ ದಾರಿಯೇ ಬದಲಾಗುತ್ತದೆ, ನಾನು ಇಲ್ಲಿಗೆ ಬಂದಿದ್ದೂ ಅಂಥವರಿಂದಲೇ. ಹೈಸ್ಕೂಲಿಗೆ ಬಿಎಡ್ ಬೇಕು, ಪಿಯು ಉಪನ್ಯಾಸಕರಾಗಲು ಎಂಎಸ್ಸಿ, ಬಿಎಡ್ ಎರಡೂ ಬೇಕು, ಡಿಗ್ರಿ ಕಾಲೇಜಿಗೆ ಎಂಎಸ್ಸಿ ಜೊತೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ. ತೊಂದರೆ ಇರುವುದು ಕೆಲಸದಲ್ಲಲ್ಲ, ಕಾಯುವುದರಲ್ಲಿ. ನೇಮಕಾತಿ ಯಾವಾಗ ಕರೆಯುತ್ತಾರೋ ಹೇಳೋಕಾಗಲ್ಲ. ಅಲ್ಲಿವರೆಗೆ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷವೂ ಈ ಸಲ ಕರೆಯುತ್ತಾರೋ ಇಲ್ಲವೋ ಅಂತ ಕಾಯಬೇಕು. ಪಾಠ ಮಾಡಿದಾಗ ನನಗೆ ಸಿಕ್ಕ ಖುಷಿ ಬೇರೆ ಎಲ್ಲೂ ಸಿಕ್ಕಿಲ್ಲ, ಆದರೂ ಆ ಅನಿಶ್ಚಿತತೆಗೇ ನಾನು ಬಿಟ್ಟೆ. ಮಗಳಿಗೆ ಟೀಚರ್ ಆಗುವ ಆಸೆ ಇದ್ದರೆ ಖಂಡಿತ ಆಗಲಿ, ಕೈಯಲ್ಲಿ ಇನ್ನೊಂದು ದಾರಿಯನ್ನೂ ಇಟ್ಟುಕೊಂಡಿರಲಿ.

ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಎಂಸಿಎ ಮಾಡಬೇಕು ಅಂದರೂ ಗಣಿತ ಓದಿದವರಿಗೆ ಅಡ್ಡಿ ಇಲ್ಲ.

ಕೊನೆಯದಾಗಿ ಒಂದು ಮುಖ್ಯ ವಿಷಯ. ಅವಳು ಅಷ್ಟು ಚೆನ್ನಾಗಿದ್ದರೆ ಹತ್ತಿರದ ಕಾಲೇಜಿನ ಅರ್ಜಿ ಒಂದನ್ನೇ ಹಾಕಿ ಕೂರಬೇಡಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಂತ ಇದೆ, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ್ದು. ಅದರ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ. ಅಲ್ಲಿ ಬಿ.ಮ್ಯಾಥ್ ಅನ್ನುವ ಡಿಗ್ರಿ ಇದೆ, ಓದುವ ಮಕ್ಕಳಿಗೆ ಸ್ಟೈಪೆಂಡ್ ಕೊಡುವ ಪದ್ಧತಿಯೂ ಇದೆ. ಬೆಂಗಳೂರಿನ ಪಕ್ಕದಲ್ಲಿದ್ದುಕೊಂಡು ನಮ್ಮ ಮಕ್ಕಳಿಗೇ ಅದರ ಹೆಸರು ಗೊತ್ತಿಲ್ಲ ಅನ್ನೋದು ನನಗೆ ತುಂಬಾ ಬೇಸರ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಸೇರಿದ ಬಿಎಸ್ಸಿ ಇದೆ. ನಮ್ಮ ಐಐಎಸ್‌ಸಿಯಲ್ಲೂ 2011ರಿಂದ ನಾಲ್ಕು ವರ್ಷದ ಡಿಗ್ರಿ ಇದೆ. ಇವಕ್ಕೆ ಸೀಟು ತೀರಾ ಕಡಿಮೆ, ಪರೀಕ್ಷೆ ಕಷ್ಟ. ಪಾಠ ಪಿಯುಸಿಯದ್ದೇ, ಪ್ರಶ್ನೆ ಮಾತ್ರ ಹೊಸದಾಗಿ ಯೋಚನೆ ಮಾಡಿಸುವಂಥದ್ದು. ಹಳೆ ಪ್ರಶ್ನೆಪತ್ರಿಕೆಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ, ಈಗಿನಿಂದಲೇ ಬಿಡಿಸಲಿ.

ಸಿಗಲಿಲ್ಲ ಅಂದರೆ ಏನೂ ಆಗಲ್ಲ. ಊರಿನ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಕೊನೇ ವರ್ಷದಲ್ಲಿ ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂಎಸ್ಸಿ ಮಾಡಬಹುದು. ಜೆಇಇಯಲ್ಲಿ ಸಿಗದ ಐಐಟಿ ಈ ದಾರಿಯಲ್ಲಿ ಸಿಕ್ಕವರು ಬೇಕಾದಷ್ಟು ಜನ ಇದ್ದಾರೆ. ಡಿಗ್ರಿ ಓದುವಾಗ ಬೇಸಿಗೆ ರಜೆಯಲ್ಲಿ ಎಂಟಿಟಿಎಸ್ ಅನ್ನುವ ಗಣಿತ ಶಿಬಿರಕ್ಕೆ ಅರ್ಜಿ ಹಾಕಲಿ. ಗಣಿತದ ಪ್ರೊಫೆಸರ್ ಎಸ್. ಕುಮರೇಸನ್ ಅವರು 1993ರಲ್ಲಿ ಶುರು ಮಾಡಿದ್ದು, ಸಣ್ಣ ಊರಿನ ಕಾಲೇಜಿನಿಂದ ಬಂದ ಮಕ್ಕಳು ಅಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳುವುದನ್ನು ಕಲಿಯುತ್ತಾರೆ.

ನಿಮ್ಮ ಹತ್ತಿರದ ಕಾಲೇಜಿನಲ್ಲಿ ಯಾವ ಯಾವ ಕಾಂಬಿನೇಶನ್ ಇದೆ ಅಂತ ಕೆಳಗೆ ಬರೆಯಿರಿ, ಯಾವುದು ಆಗಬಹುದು ಅಂತ ನೋಡಿ ಹೇಳುತ್ತೇನೆ. ಮಗಳೇ ಬರೆದರೆ ಇನ್ನೂ ಒಳ್ಳೆಯದು.